ಮಣ್ಣಿನ ಮೂಗು

ಪಡುವಣ ಬೆಟ್ಟದಲ್ಲಿ, ಕಲ್ಲಿನ ಬಾಗಿಲಾಚೆ ಕೂತಿರುವ ನನ್ನ ಗಂಡ ನೆಬ್ರೆಗೆ, ಅವನ ಹೆಂಡತಿ ಹುನೆರೊ ಬರೆಯುವುದು.

ಹೇಗಿದ್ದೀಯ? ಸತ್ತವರನ್ನು ಆಳುವ ಪಡುವಣದ ಒಡೆಯ ನಿನಗೆ ಹೊತ್ತುಹೊತ್ತಿಗೆ ಉಸಿರು ಕೊಡುತ್ತಿದ್ದಾನೆಯೇ? ಬಡಗಣ ಗಾಳಿ ನಿನ್ನವರೆಗೆ ಬರುತ್ತಿದೆಯೇ? ಸತ್ತವರಿಗೆ ಎಲ್ಲರೂ ಬರೆಯುವ ಹಾಗೆ ನಾನೂ ಬಟ್ಟಲಿನ ಒಳಮೈಗೆ ಬರೆದು, ಮೇಲೆ ರೊಟ್ಟಿ, ಈರುಳ್ಳಿ, ಒಂದು ತುಂಡು ಹುರಿದ ಬಾತುಕೋಳಿ ಇಟ್ಟಿದ್ದೇನೆ. ತಿಂದು ಮುಗಿಸಿದರೆ ಅಕ್ಷರ ಕಾಣುತ್ತದೆ. ಬದುಕಿದ್ದಾಗಲೂ ಹೊಟ್ಟೆ ತುಂಬದೆ ನನ್ನ ಮಾತು ನಿನ್ನ ಕಿವಿಗೆ ಇಳಿದದ್ದಿಲ್ಲವಲ್ಲ. ಹೇಳುವುದು ಬಹಳ ಇದೆ, ಒಂದು ಬಟ್ಟಲು ಸಾಲದು. ಸಾಲಾಗಿ ಇಟ್ಟಿದ್ದೇನೆ, ಬಲಗಡೆಯಿಂದ ತಿನ್ನುತ್ತಾ ಬಾ.

ವಿಷಯ ಇಷ್ಟೇ. ನಿನ್ನ ತಮ್ಮ ಪೆನ್ನುಬ್‌ನ ಮೇಲಿಟ್ಟ ಕೈ ತೆಗಿ. ಅವನು ಜ್ವರದಲ್ಲಿ ಬೇಯುತ್ತಿದ್ದಾನೆ. ಬಲಗೈ ಮೊಣಕೈವರೆಗೆ ಕಪ್ಪಾಗಿ ಊದಿದೆ, ಕೀವಿನ ನಾತಕ್ಕೆ ನಾಯಿಗಳೂ ಬಾಗಿಲು ದಾಟುತ್ತಿಲ್ಲ. ಮದ್ದಿನವಳು ಜೇನು ಸವರಿ, ಮಂತ್ರ ಹೇಳಿ, ತಲೆ ಆಡಿಸಿ ಹೋದಳು. ನಿನ್ನ ಅವ್ವ ಎದೆ ಬಡಿದುಕೊಳ್ಳುತ್ತಿದ್ದಾಳೆ: "ದೊಡ್ಡೋನೇ ಎಳೀತಿದಾನೆ ಕಣೇ. ಚಿಕ್ಕೋನ್ನ ಕಾಲು ಹಿಡ್ಕೊಂಡು ಆ ಕಡೆಗೆ ಎಳೀತಿದಾನೆ. ನೀನು ಬರಿ, ನಿನ್ನ ಮಾತು ಕೇಳ್ತಾನೆ ಅವನು." ನೀನು ನನ್ನ ಮಾತು ಕೇಳುತ್ತಿದ್ದೆಯಂತೆ! ಅಷ್ಟು ದುಃಖದಲ್ಲೂ ನನಗೆ ನಗು ಬಂತು.

ಇವಳಿಗೆ ಯಾವಾಗಿನಿಂದ ಮೈದುನನ ಮೇಲೆ ಕರುಣೆ ಉಕ್ಕಿತು ಅಂತ ಹುಬ್ಬೇರಿಸಬೇಡ. ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ಅವನು ನನ್ನ ಎಡಗೈ ಮುರಿದವನು. ಅವನು ಸತ್ತರೆ ನಾನು ಕಣ್ಣೀರು ಹಾಕುವವಳಲ್ಲ. ಆದರೂ ಅವನು ಬದುಕಬೇಕು. ಯಾಕೆ ಅಂತ ಹೇಳುತ್ತೇನೆ, ಸುಮ್ಮನೆ ಕೇಳು.

ಅರಸನ ಗೋರಿಯ ಚಾವಣಿ ಕಳಚಿ ನಿನ್ನ ಮೇಲೆ ಬಿದ್ದ ದಿನ ನಿನ್ನನ್ನು ಚಾಪೆಯಲ್ಲಿ ಸುತ್ತಿ ತಂದರು. ಬಿಚ್ಚಬೇಡ ಅಂದರು. ನಾನು ಬಿಚ್ಚಿದೆ. ಮುಖ ಇರಬೇಕಾದ ಜಾಗದಲ್ಲಿ ಮುಖ ಇರಲಿಲ್ಲ, ನೆಬ್ರೆ. ಕಲ್ಲಿನ ಚೂರು, ಹಲ್ಲು, ಕೂದಲು ಎಲ್ಲ ಒಂದಾಗಿತ್ತು. ಹೆಣಕ್ಕೆ ಉಪ್ಪು ಹಾಕುವವರು ಬಟ್ಟೆ ಸುತ್ತಿಸುತ್ತಿ ಒಂದು ತಲೆ ಮಾಡಿ ಮಸಿಯಲ್ಲಿ ಎರಡು ಕಣ್ಣು ಬರೆದುಕೊಟ್ಟರು. ನಿನ್ನ ಅವ್ವ ಅದಕ್ಕೆ ಮುತ್ತು ಕೊಟ್ಟಳು. ನಾನು ಕೊಡಲಿಲ್ಲ, ಅದು ನೀನಲ್ಲ. ನಿನ್ನ ಮುಖ ಅಂತ ಈ ಲೋಕದಲ್ಲಿ ಉಳಿದದ್ದು ಒಂದೇ ಕಡೆ, ನಿನ್ನ ಗೋರಿಯೊಳಗಿನ ಗೋಡೆಯಲ್ಲಿ ನೀನೇ ಕೆತ್ತಿದ, ಸತ್ತವರು ಮಾತ್ರ ದಾಟುವ ಆ ಕಲ್ಲುಬಾಗಿಲಿನ ಮೇಲೆ.

ಆ ಬಾಗಿಲಿಗಾಗಿ ನಾವು ಎಷ್ಟು ಜಗಳ ಆಡಿದ್ದೆವು ನೆನಪಿದೆಯಾ? ಅಡುಗೆಮನೆಯ ಮಣ್ಣುಗೋಡೆ ಕುಸಿದು ನನ್ನ ಒಲೆಯ ಮೇಲೆ ಬಿದ್ದಿತ್ತು. ನೀನು ಅರಸನ ಕೆಲಸ ಮುಗಿಸಿ ಬಂದವನೇ ಗೋಡೆ ನೋಡದೆ ಉಳಿ ಎತ್ತಿಕೊಂಡು ಬೆಟ್ಟಕ್ಕೆ ಹೊರಟೆ. "ಬದುಕಿರೋ ಹೆಂಡ್ತಿ ಹೊಗೇಲಿ ಸಾಯ್ತಿದಾಳೆ, ಇವನು ಸತ್ತಮೇಲಿನ ಮನೆ ಕಟ್ಟೋಕೆ ಹೊರಟ" ಅಂತ ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದೆ. ನೀನು ತಿರುಗಿ ನಿಂತು ನಕ್ಕೆ. "ಇರೋರ ಮನೆಗೆ ಮಣ್ಣು ಸಾಕು ಕಣೇ. ಕುಸಿದ್ರೆ ನದಿ ಮತ್ತೆ ಮಣ್ಣು ತಂದುಕೊಡುತ್ತೆ. ಸತ್ತೋರಿಗೆ ಯಾರು ತಂದುಕೊಡ್ತಾರೆ? ಅವರಿಗೆ ಕಲ್ಲೇ ಆಗ್ಬೇಕು" ಅಂದೆ. ಹೇಳಿ ಹೋದೆ. ಗೋಡೆಯನ್ನು ನಾನೇ ಕಟ್ಟಿದೆ, ಹುಲ್ಲು ಕಲಸಿ, ಕಾಲಲ್ಲಿ ತುಳಿದು.

ಬಾಗಿಲಿನ ಮೇಲೆ ಏನು ಕೆತ್ತಿದ್ದೀಯ ಅಂತ ತೋರಿಸಿದ್ದು ನನಗೊಬ್ಬಳಿಗೆ. ಮೇಲೆ ದೊಡ್ಡ ಪೀಠದಲ್ಲಿ ಅಗಲ ಎದೆಯ ಒಬ್ಬ ಕೂತಿದ್ದಾನೆ. ಕೆಳಗೆ ಮೂಲೆಯಲ್ಲಿ, ಗೇಣುದ್ದದವನೊಬ್ಬ ಮಂಡಿಯೂರಿ ಅವನಿಗೆ ನೀರು ಎರೆಯುತ್ತಿದ್ದಾನೆ. ಪಕ್ಕದ ಹೆಸರು ಓದುವ ಮೊದಲೇ ದೊಡ್ಡವನು ನೀನೇ ಅಂದುಕೊಂಡು "ಅಬ್ಬಾ, ಜಂಬ ನೋಡು" ಅಂದೆ. ನೀನು ಮೆಲ್ಲಗೆ ಅಂದೆ: "ಅದು ನಾನಲ್ಲ. ಅಪ್ಪ. ಅವನನ್ನ ಮರಳಿನ ಗುಂಡಿಗೆ ಹಾಕಿ ಬಂದ್ವಿ. ಅವನಿಗೆ ಬಾಗಿಲಿಲ್ಲ, ಹೆಸರಿಲ್ಲ, ಮುಖ ಇಲ್ಲ. ಈ ಬಾಗಿಲು ಅವನದ್ದು. ನಾನು ಕೆಳಗೆ ಕೂತಿರ್ತೀನಿ. ಕಣಿವೆ ಹಬ್ಬದ ದಿನ ಅವ್ವನಿಗೆ ತೋರಿಸ್ತೀನಿ, ಅಲ್ಲೀತನಕ ಬಾಯಿ ಬಿಡಬೇಡ." ಹಬ್ಬ ಬರುವ ಮೊದಲೇ ನೀನು ಹೋದೆ. ನಾನು ಮಾತು ಉಳಿಸಿಕೊಂಡೆ.

ಇನ್ನು ಪೆನ್ನುಬ್. ನಿನ್ನ ಗೋರಿಯ ಕೆಳಗಿನ ಇಳಿಜಾರಿನಲ್ಲಿ ಅವನೂ ತನ್ನದನ್ನು ತೋಡುತ್ತಿದ್ದ. ಮೇಲಿನದು ಗಟ್ಟಿ ಬಿಳಿಗಲ್ಲು, ಕೆಳಗಿನದು ಪುಡಿಗಲ್ಲು, ಮುಟ್ಟಿದರೆ ಉದುರುತ್ತದೆ ಅಂತ ನೀನು ನೂರು ಸಲ ಹೇಳಿದ್ದೆ. "ಒಳ್ಳೇ ಕಲ್ಲೆಲ್ಲ ಅಣ್ಣನಿಗೇ ಬೇಕು, ನಂಗೆ ಹೆದರಿಸ್ತಾನೆ" ಅಂತ ಅವನು ಊರೆಲ್ಲ ಆಡಿಕೊಂಡ. ಕೊನೆಗೆ ಒಂದು ಬೆಳಗ್ಗೆ ಅವನ ಗೋರಿ ತಾನಾಗಿ ಬಾಯಿ ಮುಚ್ಚಿಕೊಂಡಿತು. ಸೊಂಟದವರೆಗೆ ಹೂತು, ಕಿರುಚಿ, ಹೇಗೋ ಎಳೆಸಿಕೊಂಡು ಹೊರಗೆ ಬಂದ. ಬಂದವನು ನೇರ ನಮ್ಮ ಮನೆಗೆ ಬಂದ, ಮೈತುಂಬ ಧೂಳು. "ಅಣ್ಣನ ಗೋರಿ ನಂಗೆ ಕೊಡು. ಬಟ್ಟೆ ತಲೆಯೋನಿಗೆ ಯಾಕೆ ಅಷ್ಟು ದೊಡ್ಡ ಮನೆ?" ಅಂದ.

ಬೇರೆ ಏನು ಅಂದಿದ್ದರೂ ಸಹಿಸುತ್ತಿದ್ದೆನೇನೋ. ಆ ಮಾತಿಗೆ ನಾನು ರುಬ್ಬುಗುಂಡು ಎತ್ತಿ ಅವನ ಬಾಯಿಗೆ ಹೊಡೆದೆ. ಎರಡು ಹಲ್ಲು ನೆಲಕ್ಕೆ ಬಿದ್ದವು. ಅವನು ಬಾಗಿಲ ಅಗುಳಿ ಕಿತ್ತು ನನ್ನ ಕೈ ಮೇಲೆ ಬಾರಿಸಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು, ಒಣ ಜೊಂಡು ಮುರಿದ ಹಾಗೆ. ಬಿದ್ದವಳ ಪಕ್ಕೆಗೆ ಒದೆಯುತ್ತಲೇ ಇದ್ದ. ಬೀದಿಯ ಹೆಂಗಸರು ಬಂದು ಬಿಡಿಸದಿದ್ದರೆ ಅವತ್ತೇ ನಿನ್ನ ಪಕ್ಕಕ್ಕೆ ಬರುತ್ತಿದ್ದೆ. ಅತ್ತೆ ಹೊಸ್ತಿಲಲ್ಲಿ ನಿಂತು "ಕೊಟ್ಟುಬಿಡೇ ಹಾಳಾಗಿ ಹೋಗ್ಲಿ, ಇದ್ದೋನೊಬ್ಬ ಮಗ" ಅಂತ ಅಳುತ್ತಿದ್ದಳು.

ಊರ ಹಿರಿಯರು ಸೇರಿದರು. ಗೋರಿ ನೆಬ್ರೆಯದು, ಮುಟ್ಟಬೇಡ ಅಂದರು. ಪೆನ್ನುಬ್ ಅರಸನ ಹೆಸರೆತ್ತಿ ಆಣೆ ಮಾಡಿದ: "ಇನ್ನು ಅದನ್ನ ಮುಟ್ಟಿದ್ರೆ ನನ್ನ ಮೂಗು, ಕಿವಿ ಕೊಯ್ದು ತೆಂಕಣದ ಗಣಿಗೆ ಅಟ್ಟಿ." ಎಲ್ಲರೂ ಕೇಳಿಸಿಕೊಂಡರು.

ಕಣಿವೆ ಹಬ್ಬ ಬಂತು. ಮನೆಮನೆಯವರೂ ಬುಟ್ಟಿ ಹೊತ್ತು ತಮ್ಮ ತಮ್ಮ ಸತ್ತವರ ಜೊತೆ ಉಣ್ಣಲು ಬೆಟ್ಟ ಹತ್ತಿದರು. ನೀನು ತೋರಿಸಬೇಕಿದ್ದುದನ್ನು ನಾನು ತೋರಿಸೋಣ ಅಂತ ಅತ್ತೆಯ ಕೈ ಹಿಡಿದು ಹತ್ತಿಸಿದೆ. ಅರ್ಧ ದಾರಿಯಲ್ಲೇ ಸದ್ದು ಕೇಳಿಸಿತು. ಟಕ್, ಟಕ್, ಟಕ್. ಕಲ್ಲುಕುಟಿಗರ ಊರಿನಲ್ಲಿ ಹುಟ್ಟಿದವಳು ನಾನು. ಅದು ಕೆತ್ತುವ ಸದ್ದಲ್ಲ, ಕೊಲ್ಲುವ ಸದ್ದು.

ಒಳಗೆ ಪೆನ್ನುಬ್ ಏಣಿಯ ಮೇಲೆ ನಿಂತಿದ್ದ, ಬೆವರು ಸುರಿಯುತ್ತಿತ್ತು. ಪೀಠದ ಮೇಲೆ ಕೂತವನ ಮೂಗು ಹೋಗಿತ್ತು. ಕಣ್ಣು ಹೋಗಿತ್ತು. ಬಾಯಿ ಇದ್ದ ಕಡೆ ಎರಡು ಬೆರಳು ಆಳದ ಗುಂಡಿ. ಪಕ್ಕದ ಹೆಸರನ್ನೂ ಕಿತ್ತುಹಾಕಿದ್ದ, ಅಕ್ಷರ ಬಾರದವನು ಸಾಲಿಗೆ ಸಾಲೇ ಕಿತ್ತಿದ್ದ. ನಮ್ಮನ್ನು ನೋಡಿ ಎರಡು ಹಲ್ಲು ಹೋದ ಬಾಯಲ್ಲಿ ನಕ್ಕ. "ಆಯ್ತು, ಮುಗೀತು. ಮೂಗಿಲ್ಲದೆ ಹೇಗೆ ಉಸಿರಾಡ್ತಾನೆ ನಿನ್ನ ಗಂಡ? ಹೆಸರಿಲ್ಲದೆ ಯಾರು ಕರೀತಾರೆ? ನೋಡವ್ವಾ, ಎಷ್ಟು ದೊಡ್ಡದಾಗಿ ಕೂತಿದ್ದ ಜಂಬಗಾರ! ಕೆಳಗೆ ನೀರು ಹೊಯ್ಯೋಕೆ ನನ್ನನ್ನ ಕೂರಿಸಿದಾನೆ, ಆಳಿನ ಹಾಗೆ."

ಹೊಟ್ಟೆಕಿಚ್ಚಿಗೆ ಕಣ್ಣಿರುವುದಿಲ್ಲ. ಕಲ್ಲಿನಲ್ಲಿ ಎಲ್ಲರೂ ಹರೆಯದವರೇ, ಎಲ್ಲರ ಎದೆಯೂ ಅಗಲವೇ, ಹೆಸರು ಓದದೆ ಅಪ್ಪ ಯಾರು, ಮಗ ಯಾರು ತಿಳಿಯುವುದಿಲ್ಲ. ನಾನು ಗೋಡೆಗೆ ಒರಗಿ ಹೇಳಿದೆ. "ಅದು ನಿನ್ನ ಅಣ್ಣ ಅಲ್ವೋ ಪಾಪಿ. ನಿಮ್ಮಪ್ಪ. ನಿಮ್ಮಪ್ಪ ನಖಿ. ಕೆಳಗೆ ಮಂಡಿಯೂರಿ ಕೂತೋನು ನೆಬ್ರೆ."

ಉಳಿ, ಮರದ ಕೊಡತಿ ಎರಡೂ ಅವನ ಕೈಯಿಂದ ಬಿದ್ದವು. ಏಣಿಯಿಂದ ಇಳಿದು ನೆಲಕ್ಕೆ ಕೂತ. ಅತ್ತೆ ಬಾಗಿಲ ಹತ್ತಿರ ಹೋಗಿ, ಏಣಿ ಹತ್ತಿ, ಆ ಗುಂಡಿಯೊಳಗೆ ಬೆರಳಿಟ್ಟು ಸವರಿದಳು, ಗಂಡನ ಕೆನ್ನೆ ಸವರುವ ಹಾಗೆ. ಆಮೇಲೆ ಇಳಿದು, ಬಗ್ಗಿ ಕೊಡತಿ ಎತ್ತಿಕೊಂಡಳು. ನಾನು ತಡೆಯಬಹುದಿತ್ತು. ತಡೆಯಲಿಲ್ಲ. ನೆಲದ ಮೇಲೆ ಊರಿದ್ದ ಅವನ ಬಲಗೈ ಮೇಲೆ ಕೊಡತಿ ಇಳಿಯಿತು. ಅವನು ಕೂಗಿದ. ಮತ್ತೆ ಇಳಿಯಿತು. "ನಿಮ್ಮಪ್ಪನ್ನ ಕೊಂದ್ಯಲ್ಲೋ. ಸತ್ತೋನ್ನ ಮತ್ತೆ ಕೊಂದ್ಯಲ್ಲೋ" ಅಂತ ಒಂದೊಂದು ಮಾತಿಗೆ ಒಂದೊಂದು ಏಟು. ಬೆರಳುಗಳು ಕಲಸಿದ ಹಿಟ್ಟಿನ ಹಾಗೆ ಆಗುವವರೆಗೂ ಬಿಡಲಿಲ್ಲ. ಆ ಮುದಿ ತೋಳಿನಲ್ಲಿ ಅಷ್ಟು ಕಸುವು ಎಲ್ಲಿತ್ತೋ! ನಾನು ತಂದಿದ್ದ ಹಬ್ಬದ ರೊಟ್ಟಿಯ ಮೇಲೆಲ್ಲ ರಕ್ತ ಚಿಮ್ಮಿತ್ತು.

ಅವತ್ತಿನಿಂದ ಅತ್ತೆ ಊಟ ಬಿಟ್ಟಳು. "ನಾನು ಸತ್ತು ಎಲ್ಲಿಗೆ ಹೋಗ್ಲಿ? ಅಲ್ಲಿ ನನ್ನ ಗಂಡ ಉಸಿರಿಲ್ಲದೆ ಒದ್ದಾಡ್ತಿದಾನೆ" ಅನ್ನುವಳು. ಒಂದು ದಿನ ನನ್ನ ಕಾಲು ಹಿಡಿದು ಕೇಳಿದ್ದು ಏನು ಗೊತ್ತಾ? "ಕೆಳಗಿರೋ ಚಿಕ್ಕ ಮುಖ ಚೆನ್ನಾಗಿದೆಯಲ್ಲ. ನೆಬ್ರೆ ಹೆಸರು ಅಳಿಸಿ ಅಲ್ಲಿ ನಖಿ ಅಂತ ಬರೆಸೇ." ನಿನ್ನ ಮುಖವನ್ನು, ಉಳಿದಿರುವ ಒಂದೇ ಮುಖವನ್ನು! ನಿನ್ನ ಹೆತ್ತವಳ ಮೇಲೆ ಕೈ ಮಾಡಬಾರದು ಅಂತ ಗೋಡೆಗೆ ತಲೆ ಚಚ್ಚಿಕೊಂಡೆ. "ನನ್ನ ಕುತ್ತಿಗೆ ಕೊಯ್ದು ಆಮೇಲೆ ಅದನ್ನ ಮುಟ್ಟು" ಅಂದೆ. ನೀನಾದರೆ ಕೊಟ್ಟುಬಿಡುತ್ತಿದ್ದೆ ಅಂತ ನನಗೆ ಗೊತ್ತು, ಬಾಯಿ ಮುಚ್ಚು. ನಾನು ಕೊಡುವುದಿಲ್ಲ.

ಅಷ್ಟರಲ್ಲಿ ನದಿ ಉಕ್ಕಿ ಬಂದು ಇಳಿಯಿತು. ದಡದ ತುಂಬ ಹೊಸ ಕಪ್ಪು ಮಣ್ಣು. ಗೋಡೆಗೆ ಮೆತ್ತಲು ಮಣ್ಣು ಕಲಸುತ್ತಿದ್ದಾಗ ನನಗೆ ಹೊಳೆಯಿತು. ಸತ್ತ ಅಪ್ಪನ ಬಾಯಿ, ಮೂಗು ತೆರೆಸುವ ಶಾಸ್ತ್ರ ಮಗನೇ ಮಾಡಬೇಕು, ಬೇರೆಯವರು ಮಾಡಿದರೆ ನಡೆಯುವುದಿಲ್ಲ. ಇದ್ದ ಇಬ್ಬರಲ್ಲಿ ಉಳಿದವನು ಒಬ್ಬನೇ. ಪೆನ್ನುಬ್‌ನ ಕುತ್ತಿಗೆಗೆ ಮಣ್ಣಿನ ಬುಟ್ಟಿ ನೇತುಹಾಕಿ ಬೆಟ್ಟ ಹತ್ತಿಸಿದೆ. "ಕೈಯಿಲ್ಲ ಅತ್ತಿಗೆ, ಹೇಗ್ ಮಾಡ್ಲಿ?" ಅಂದ. "ಹಾಗೇ ಮಾಡು" ಅಂದೆ. ಜಜ್ಜಿಹೋದ ಕೈಯನ್ನು ಎಡಗೈಯಿಂದ ಹಿಡಿದು, ಹಲ್ಲು ಕಚ್ಚಿ, ಗೋಳಾಡುತ್ತ ಅಪ್ಪನ ಮುಖದ ಗುಂಡಿಗೆ ಮಣ್ಣು ತುಂಬಿ ಒಂದು ಮೂಗು ಮಾಡಿದ. ಸೊಟ್ಟ ಮೂಗು. ಎರಡು ಹೊಳ್ಳೆ ಚುಚ್ಚಿ, ಶಾಸ್ತ್ರದ ಮಾತು ಹೇಳಿದ. ಹೆಸರನ್ನು ನಾನು ಮಸಿಯಲ್ಲಿ ಬರೆದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಅನ್ನುತ್ತಾರಲ್ಲ, ನಮ್ಮನೆಯಲ್ಲಿ ಬಂತು. ಅತ್ತೆ ಅವತ್ತು ಗಂಜಿ ಕುಡಿದಳು.

ಆದರೆ ಮಣ್ಣು ಮಣ್ಣೇ. ಒಣಗಿ ಬಿರುಕು ಬಿಟ್ಟು ನಿನ್ನೆ ಉದುರಿತು. ವಾಸಿಯಾಗದ ಕೈಗೆ ಆ ಮಣ್ಣು ಸೇರಿ ಅವನು ಜ್ವರದಲ್ಲಿ ಬಿದ್ದಿದ್ದಾನೆ, ಅಪ್ಪ ಮತ್ತೆ ಉಸಿರು ಕಟ್ಟಿ ಕೂತಿದ್ದಾನೆ. ಹಿರಿಯರು ಬಾಗಿಲಿಗೆ ಬಂದಿದ್ದರು. "ಆಣೆ ಮುರಿದಿದಾನೆ, ನೀನೊಂದು ದೂರು ಹೇಳಮ್ಮ, ಮೂಗು ಕೊಯ್ಸಿ ಗಣಿಗೆ ಕಳಿಸ್ತೀವಿ" ಅಂದರು. ಬಾಯಿತುದಿಗೆ ಬಂದಿತ್ತು ನೆಬ್ರೆ, ನಿನ್ನಾಣೆಗೂ ಬಂದಿತ್ತು. ನುಂಗಿಕೊಂಡೆ. ಗಣಿಗೆ ಹೋದವನು ವಾಪಸು ಬರುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಅವನ ಕಾಲು ಬಿಡು. ಪಡುವಣದ ಸಭೆಯಲ್ಲಿ ಅವನ ಮೇಲೆ ದಾವೆ ಹೂಡಬೇಡ. ಕೈ ಬೇಕಿದ್ದರೆ ಇಟ್ಟುಕೋ, ಕೊಳೆತದ್ದನ್ನು ನಾಳೆ ಕೊಯ್ಯಿಸುತ್ತೇನೆ, ಪ್ರಾಣ ಇಲ್ಲಿ ಬಿಡು. ಅವನು ಬದುಕಲಿ, ಬಹಳ ಕಾಲ ಬದುಕಲಿ. ನದಿ ಉಕ್ಕಿ ಇಳಿದಾಗಲೆಲ್ಲ ಬುಟ್ಟಿ ಹೊತ್ತು ಬೆಟ್ಟ ಹತ್ತಲಿ, ತಾನೇ ಕೊಂದ ಅಪ್ಪನ ಮುಖದೆದುರು ನಿಂತು, ಮೊಂಡುಗೈಯಲ್ಲಿ ಮೂಗು ಮಾಡಲಿ. ಅದು ಉದುರಲಿ, ಮತ್ತೆ ಮಾಡಲಿ. ಗಣಿಯವರು ಕೂಡ ಇಷ್ಟು ಒಳ್ಳೆಯ ಶಿಕ್ಷೆ ಕೊಡಲಾರರು. ಕೊನೆಗೊಂದು ದಿನ ಅವನೂ ಆ ಕಡೆಗೆ ಬರುತ್ತಾನಲ್ಲ, ಆಗ ನಿನ್ನ ಇಷ್ಟ. ಬಟ್ಟೆ ತಲೆಯವನು ಅಂದದ್ದಕ್ಕೆ ನನ್ನ ಲೆಕ್ಕದ್ದೂ ಸೇರಿಸಿ ಬಾರಿಸು.

ನಿನ್ನ ಚಿಕ್ಕ ಮುಖಕ್ಕೆ ಇವತ್ತು ಮುತ್ತು ಕೊಟ್ಟು ಬಂದೆ. ಕಲ್ಲು ತಣ್ಣಗಿತ್ತು, ಮೂಗು ನೆಟ್ಟಗಿತ್ತು. ನಾನು ಬರುವವರೆಗೆ ಹಾಗೇ ಇಟ್ಟುಕೋ. ಅಪ್ಪನಿಗೆ ನೀರು ಎರೆಯುತ್ತಿರು. ಬಡಗಣ ಗಾಳಿ ನಿಮ್ಮಿಬ್ಬರಿಗೂ ತಂಪಾಗಿ ಬೀಸಲಿ.

ಬಟ್ಟಲು ತೊಳೆದಿಡು,
ನಿನ್ನ ಹುನೆರೊ