ಏಳನೇ ಸಾಲು

“ಅಲ್ಲಿ ಯಾರೂ ಏನೂ ಮಾಡ್ತಿಲ್ವಲ್ಲ, ಆ ಸಾಲು ಯಾಕೆ?” ಎಂದಿರೋ, “ಆ ಸಾಲು ದಂಡ” ಎಂದಿರೋ, ಸರಿಯಾಗಿ ನೆನಪಿಲ್ಲ, ಘಟಕದ ವ್ಯವಸ್ಥಾಪಕರೇ. ನೆನಪಿರುವುದು ಇಷ್ಟು: ನೀವು ಹೇಳಿದಿರಿ, ನಾನು ಕೆಲಸದ ವೇಳಾಪಟ್ಟಿಯ ಚಾರ್ಟಿನಿಂದ ಏಳನೇ ಸಾಲನ್ನು ಅಳಿಸಿದೆ. ಅದರಿಂದ ಹೊಸ ಪ್ರೆಸ್ ಯಂತ್ರದ ಅಡಿಪಾಯ ಬಿರುಕು ಬಿಟ್ಟಿತು. ನೋಟಿಸ್ ಮಾತ್ರ ಫಿಟ್ಟರ್ ಕರಿಬಸಪ್ಪನವರಿಗೆ ಹೋಯಿತು. ಏಳು ದಿನದೊಳಗೆ ಅವರು ಕೊಡುವ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ಹದಿನಾರು ವರ್ಷದ ಕೆಲಸ ಹೋಗುತ್ತದೆ. ಇದನ್ನು ನಿಮ್ಮ ಕೋಣೆಯಲ್ಲೇ ಹೇಳಬಹುದಿತ್ತು. ಎರಡು ಸಲ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಈ ಬಹಿರಂಗ ಪತ್ರ.

ಏಳನೇ ಸಾಲಿನಲ್ಲಿದ್ದದ್ದು ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟಿಗೆ ನೀರುಣಿಸುತ್ತ ಗಟ್ಟಿಯಾಗಲು ಬಿಡುವ ಅವಧಿ. ಯಂತ್ರ ಮಾರಿದವರ ಪುಸ್ತಿಕೆಯಲ್ಲಿ ಇಪ್ಪತ್ತೆಂಟು ದಿನ ಎಂದಿತ್ತು. ಆಯುಧಪೂಜೆಗೆ ಉಳಿದಿದ್ದದ್ದು ಹತ್ತೇ ದಿನ. ಪೂಜೆಯ ದಿನ ನಿರ್ದೇಶಕರ ಕೈಯಿಂದಲೇ ಯಂತ್ರ ಚಾಲೂ ಮಾಡಿಸುತ್ತೇನೆಂದು ನೀವು ಮಾತು ಕೊಟ್ಟಾಗಿತ್ತು. ದಿನಾಂಕ ಮೊದಲು ಬಂತು, ಕೆಲಸ ಅದರ ಹಿಂದೆ ಓಡಿತು. ಸಾಲು ತೆಗೆದ ಮೇಲೆ ಚಾರ್ಟು ಅಚ್ಚುಕಟ್ಟಾಗಿ ಕಂಡಿತು. ನನ್ನ ಕಣ್ಣಿಗೂ ಹಾಗೆಯೇ ಕಂಡಿತೆಂಬುದನ್ನು ಮುಚ್ಚಿಡುವುದಿಲ್ಲ.

ಬಾಗಲಗುಂಟೆಯ ಬಾಡಿಗೆ ಕೋಣೆಯಿಂದ ಪಾಳಿಗೆ ಅರ್ಧ ಗಂಟೆ ಮೊದಲೇ ಬಂದು, ಆ ಕಾಂಕ್ರೀಟಿನ ಮೇಲೆ ಹಾಸಿದ್ದ ಗೋಣಿಚೀಲಗಳಿಗೆ ನೀರು ಹಾಕುತ್ತಿದ್ದವರು ಕೊಪ್ಪಳ ಕಡೆಯ ಈ ಕರಿಬಸಪ್ಪ. ಹಾಕಿ ಎಂದು ಯಾರೂ ಹೇಳಿರಲಿಲ್ಲ. ಅದರ ಮೇಲೆ ಯಂತ್ರ ಕೂರಿಸುವ ದಿನ ಅವರು ನಿಮಗೆ ಹೇಳಿದ್ದನ್ನು ಪಕ್ಕದಲ್ಲೇ ನಿಂತು ಕೇಳಿದೆ.

“ಸರ, ಇನ್ನಾ ಗಟ್ಟಿ ಆಗಿಲ್ರಿ. ಭಾರ ತಡ್ಯಂಗಿಲ್ಲ.”

“ಚಾರ್ಟಲ್ಲಿ ಸಿವಿಲ್ ಕೆಲಸ ಮುಗಿದಿದೆ ಕಣ್ರೀ.”

“ಚಾರ್ಟಿನ್ಯಾಗ ಮುಗದೈತ್ರಿ. ನಿಮ್ಮನ್ಯಾಗ ಇಡ್ಲಿ ಹಿಟ್ಟು ರುಬ್ಬಿದ ಕೂಡ್ಲೇ ಬೇಯಸ್ತಾರೇನ್ರಿ?”

ಸುತ್ತಲಿದ್ದವರು ನಕ್ಕರು. ನೀವು ನಗಲಿಲ್ಲ. ಆ ನಗೆಗೇ ಈ ನೋಟಿಸ್ ಎಂದು ನನ್ನ ಅನುಮಾನ.

ಪೂಜೆಯ ದಿನ ಬೂದುಗುಂಬಳ ಒಡೆದರು, ಕರ್ಪೂರ ಬೆಳಗಿದರು, ನಿರ್ದೇಶಕರು ಗುಂಡಿ ಒತ್ತಿದರು. ನಾಲ್ಕನೇ ಹೊಡೆತಕ್ಕೆ ಅಡಿಪಾಯ ಬಿರುಕು ಬಿಟ್ಟು ಒಂದು ಮೂಲೆ ಕುಸಿದು, ಚೆಂಡುಹೂವಿನ ಹಾರದ ಸಮೇತ ಯಂತ್ರ ವಾಲಿತು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದವರು ಕರಿಬಸಪ್ಪ. ಯಾರಿಗೂ ಪೆಟ್ಟಾಗಲಿಲ್ಲ, ಅಂದು ನೆಟ್ಟಗೆ ನಡೆದದ್ದು ಅದೊಂದೇ, ಅದು ಯಾವ ಚಾರ್ಟಿನಲ್ಲೂ ಇರಲಿಲ್ಲ. ಮೂರನೇ ದಿನ ಅವರನ್ನು ಗೇಟಿನ ಹೊರಗೆ ನಿಲ್ಲಿಸಿದಿರಿ. ಕಾರಣ, ಬೋಲ್ಟ್ ಸರಿಯಾಗಿ ಬಿಗಿಯದ ನಿರ್ಲಕ್ಷ್ಯ. ಇಂಗ್ಲಿಷಿನ ಆ ನೋಟಿಸನ್ನು ಟೀ ಅಂಗಡಿಯಲ್ಲಿ ನನ್ನಿಂದ ಓದಿಸಿಕೊಂಡು ಅವರು ಕೇಳಿದರು: “ಬೋಲ್ಟ್ ಬಿಗಿದಿದ್ದು ಖರೇ ಐತ್ರಿ. ನೆಲಾನ ಕೈ ಬಿಟ್ರ ಬೋಲ್ಟ್ ಏನ್ ಮಾಡಬೇಕ್ರಿ?” ಅಳಿಸಿದ ಸಾಲಿನ ವಿಷಯ ಆಗಲೂ ಅವರಿಗೆ ಹೇಳಲಿಲ್ಲ. ಟೀ ಆರಿತು.

ತಪ್ಪು ಯಾರಿಂದಲೂ ಆಗುತ್ತದೆ. ಕಲಿಯಲು ಒಲ್ಲೆನೆಂಬುದು ಹೇಸಿಗೆ ಹುಟ್ಟಿಸುತ್ತದೆ. ಲೇತ್ ನಡೆಸುವವನಿಗೆ ಐಟಿಐ ಬೇಕು, ಫೋರ್ಕ್‌ಲಿಫ್ಟ್ ಓಡಿಸುವವನಿಗೆ ಲೈಸೆನ್ಸ್ ಬೇಕು. ಇವರೆಲ್ಲರ ದಿನಗಳನ್ನು ಜೋಡಿಸುವವನಿಗೆ ಕುರ್ಚಿಯೊಂದೇ ಸಾಕೇ? ವೈಟ್‌ಫೀಲ್ಡಿನ ಹೋಟೆಲಿನಲ್ಲಿ ಎರಡು ದಿನ ನಾಯಕತ್ವ ಶಿಬಿರಕ್ಕೆ ಹೋಗಿ, ಕಣ್ಣು ಮುಚ್ಚಿ ಸಹೋದ್ಯೋಗಿಗಳ ತೋಳಿಗೆ ಬೀಳುವ ಆಟ ಆಡಿ ಬಂದಿರಿ. ಯಾವುದರ ನಂತರ ಯಾವುದು, ಯಾವುದಕ್ಕೆ ಎಷ್ಟು ಕಾಯಬೇಕು, ಕೊಟ್ಟ ಮಾತು ತಪ್ಪುವಂತಿದ್ದರೆ ಮೇಲಿನವರಿಗೆ ಯಾವಾಗ ಹೇಳಬೇಕು, ಇಷ್ಟನ್ನು ಅಲ್ಲಿ ಯಾರೂ ಕಲಿಸಲಿಲ್ಲವೇ? ಕೈಗೆ ಗ್ರೀಸ್ ಮೆತ್ತಿಕೊಂಡವನನ್ನು ಒಂದು ಮಾತು ಕೇಳುವುದೂ ಈ ವಿದ್ಯೆಯ ಭಾಗವೆಂದು?

ನೋಟಿಸನ್ನು ಹಿಂತೆಗೆದುಕೊಳ್ಳಿ. ಸೋಮವಾರದ ಪಾಳಿಗೆ ಕರಿಬಸಪ್ಪನವರನ್ನು ಕರೆಯಿರಿ. ಇಲ್ಲದಿದ್ದರೆ ಏಳನೇ ಸಾಲಿರುವ ಹಳೆಯ ಚಾರ್ಟನ್ನು ವಿಚಾರಣೆಗೆ ನಾನೇ ತರುತ್ತೇನೆ. ಅಳಿಸಿದ್ದು ಯಾರೆಂದೂ ಹೇಳುತ್ತೇನೆ. ಇನ್ನೊಂದು ಯಂತ್ರ ತರಿಸುವ ಮೊದಲು, ಯೋಜನೆ ನಡೆಸುವುದು ಹೇಗೆಂಬ ಪಾಠಕ್ಕೆ ಹೋಗಿ ಕೂರಿ. ಪಕ್ಕದ ಬೆಂಚಿನಲ್ಲಿ ನಾನೂ ಕೂರುತ್ತೇನೆ, ನನಗೂ ಅದು ಬೇಕಾಗಿದೆ.

ಇಂತಿ,
ಹೇಳಿದ ಕೂಡಲೇ ಅಳಿಸಿದವನು,
ಯೋಜನಾ ವಿಭಾಗ, ಪೀಣ್ಯ

ಮೊನ್ನೆ ಅದೇ ಜಾಗದಲ್ಲಿ ಹೊಸದಾಗಿ ಕಾಂಕ್ರೀಟ್ ಹಾಕಿಸಿದ್ದೀರಿ. ಇವತ್ತು ಬೆಳಿಗ್ಗೆ ನೋಡಿದರೆ ಗೋಣಿಚೀಲಗಳು ಒಣಗಿದ್ದವು. ಬಕೆಟ್ ತುಂಬಿಕೊಂಡು ಹೋಗಿ ನಿಂತೆ, ಮುಂದೇನೆಂದು ತಿಳಿಯಲಿಲ್ಲ. ಕರಿಬಸಪ್ಪನವರೇ, ದಿನಕ್ಕೆ ಎಷ್ಟು ಸಲ ನೀರು ಹಾಕುತ್ತಿದ್ದಿರಿ?