ಹೊಗೆಯೇಳದ ಮನೆ

ಅಜ್ಜೀ, ನಿನ್ನ ಇಂಜಿನಿಯರಿಂಗ್ ಮೊಮ್ಮಗಳ ನಮಸ್ಕಾರ.

ಸಮುದ್ರ ದಾಟಿ ಬಂದದ್ದು ಸಾರ್ಥಕ, ನಾನು ರೂಪಿಸಿದ ಹೊಸ ಒಲೆ ಗೆದ್ದಿತು! ಇಲ್ಲಿನ ಸೇವಾಸಂಸ್ಥೆಯವರ ಜೊತೆ ಸೇರಿ ಇಂದು ಒಬ್ಬ ದರ್ಜಿಯ ಮನೆಯಲ್ಲಿ ಅದನ್ನು ಹಚ್ಚಿದೆ. ಎಳ್ಳಷ್ಟೂ ಹೊಗೆಯಿಲ್ಲ. ಅರ್ಧ ಗಂಟೆಯಲ್ಲಿ ಪಕ್ಕದ ಮನೆಯಾಕೆ ಬಿಸಿ ಊಟದ ಪಾತ್ರೆ ಹಿಡಿದು ಓಡಿಬಂದಳು. "ನಿಮ್ಮನೇಲಿ ಹೊಗೇನೇ ಏಳಲಿಲ್ಲ, ಎಲ್ಲರಿಗೂ ಹುಷಾರಿಲ್ವೇನೋ ಅಂದ್ಕೊಂಡೆ!" ಅವಳ ಹಿಂದೆಯೇ ಇನ್ನೂ ನಾಲ್ವರು, ನಾಲ್ಕು ಪಾತ್ರೆ! ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ ಐವರೂ ಒಲೆಯೊಳಗೆ ಬಗ್ಗಿ ನೋಡಿ, ರೂಢಿಯಂತೆ ಕಣ್ಣೊರೆಸಿಕೊಂಡರು. ಕಣ್ಣಲ್ಲಿ ನೀರೇ ಇರಲಿಲ್ಲ.

ನೆಗಡಿ ವಾಸಿಯಾಗಿದೆ, ನೀನು ಕೊಟ್ಟ ಮೆಣಸು ಇನ್ನೂ ಉಳಿದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನ್ನ ಒಲೆ ಎಷ್ಟು ಗೇಣು ಅಗಲ, ಎಷ್ಟು ಎತ್ತರ ಅಂತ ಬರೆ. ಬಂದ ದಿನವೇ ಅದನ್ನು ಒಡೆದುಹಾಕುತ್ತೇನೆ!

ನಿನ್ನ ಪುಟ್ಟಿ