ಚಿಕಿತ್ಸೆಗೆ ಮೊದಲಿನ ಮುಖ

ಸಂಪಾದಕರಿಗೆ,

ಕಳೆದ ಭಾನುವಾರ ನಿಮ್ಮ ಸೌಂದರ್ಯ ಪುರವಣಿಯಲ್ಲಿ, ಸುಕ್ಕು ಅಳಿಸುವ ಇಂಜೆಕ್ಷನ್ ಕುರಿತ ಲೇಖನದ ಪಕ್ಕ, ‘ಚಿಕಿತ್ಸೆಗೆ ಮೊದಲು’ ಎಂದು ನನ್ನ ಮುಖವನ್ನು ನನ್ನನ್ನು ಕೇಳದೆ ಅಚ್ಚು ಹಾಕಿದ್ದೀರಿ. ಅದು 2016ರ ಬರ ಮುಗಿದಾಗಿನ ಚಿತ್ರ. ಹೈದರಾಬಾದಿಗೆ ದುಡಿಯಲು ಹೋಗಿದ್ದ ತಂಗಿ ಜಿಜಾಬಾಯಿ, ಮಳೆ ಬಿದ್ದ ಮೇಲೆ ಔರಾದದಲ್ಲಿ ಬಸ್ಸಿನಿಂದ ಇಳಿದಳು. ಅವಳನ್ನು ಕಂಡು ನಾನು ನಕ್ಕಾಗ ನಿಮ್ಮ ಪತ್ರಿಕೆಯವರೇ ಇಬ್ಬರನ್ನೂ ಸೇರಿಸಿ ತೆಗೆದದ್ದು. ಈಗ ಚಿತ್ರದಿಂದ ತಂಗಿಯನ್ನು ಕತ್ತರಿಸಿ ಬಿಸುಟು, ಆ ನಗುವಿನ ಗೆರೆಗಳಿಗೆ ರೋಗವೆಂದು ಹೆಸರಿಟ್ಟಿದ್ದೀರಿ.

ನೆರೆಮನೆಯ ಹಮೀದುನ್ನಿಸಾ ಪತ್ರಿಕೆ ನೋಡಿ, “ಅಂಜನಾಬಾಯಿ, ಈ ಮಾರಿಗಿ ಚುಚ್ಚಿದ್ರ ಸೂಜಿನೇ ಮುರೀತದ ನೋಡ್ರಿ” ಅಂದಳು. ಚಹಾ ಆರುವವರೆಗೂ ಇಬ್ಬರೂ ನಕ್ಕೆವು. ಅರವತ್ತೆಂಟರ ಈ ಮುಖ ನನಗೆ ಒಪ್ಪಿಗೆಯೇ.

ಪೂರ್ತಿ ಚಿತ್ರವನ್ನು ಅದೇ ಪುಟದಲ್ಲಿ ಅಚ್ಚು ಮಾಡಿ. ವಯಸ್ಸಾಗುವುದು ಯಾವಾಗಿನಿಂದ ಕಾಯಿಲೆಯಾಯಿತೆಂದು ಅದರ ಕೆಳಗೆ ಓದುಗರಿಗೆಲ್ಲ ಉತ್ತರಿಸಿ.

ಅಂಜನಾಬಾಯಿ,
ನಿವೃತ್ತ ಶಿಕ್ಷಕಿ, ಚಿಂತಾಕಿ